ಗಿರಾಕಿಯನ್ನು ಕರೆತಂದವರ ಪಾಲು

ರೂಮು ಬಾಡಿಗೆಗೆ ಕೊಡುವ ದಂಧೆಗೆ ಇಳಿಯುವ ಹುಡುಗರು ಈಗ ನನ್ನ ಹತ್ತಿರ ಬಂದು ಮೊದಲು ಕೇಳುವುದು, ಎ.ಸಿ. ಯಾವ ಕಂಪನಿಯದು ಹಾಕಿಸಬೇಕು ಎಂದು. ನನಗೆ ಸಿಟ್ಟು ಬರುತ್ತದೆ. ಒಂದು ಹಾಸಿಗೆಗೆ ಎಷ್ಟು ಚಾದರು ಇಟ್ಟಿದ್ದೀರಪ್ಪಾ ಎಂದು ತಿರುಗಿ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮೂರು ಬೇಕು. ಒಂದು ಹಾಸಿಗೆಯ ಮೇಲೆ, ಒಂದು ಒಣಹಾಕಿದ ತಂತಿಯ ಮೇಲೆ, ಒಂದು ಕಪಾಟಿನಲ್ಲಿ. ಇಷ್ಟು ತಿಳಿಯದೆ ಎ.ಸಿ. ಹಾಕಿಸಿದರೆ ಗಿರಾಕಿ ತಣ್ಣಗೆ ಮಲಗಿ ಮೈ ಕೆರೆದುಕೊಂಡು ಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಅವರ ಎರಡನೆಯ ಪ್ರಶ್ನೆ ಆ್ಯಪ್‌ನದು. ಸೇರಬೇಕೋ ಬೇಡವೋ, ಅವರು ಕತ್ತರಿಸಿಕೊಂಡ ಮೇಲೆ ನಮಗೆ ಉಳಿಯುವುದೇನು ಎಂದು. ಇದಕ್ಕೆ ಮಾತ್ರ ನನ್ನ ಹತ್ತಿರ ಒಂದೇ ಮಾತಿನ ಉತ್ತರವಿಲ್ಲ. ಬನಹಟ್ಟಿಯಲ್ಲಿ ನನ್ನ ತಂಗಿ ಶಾಂತವ್ವ ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಾಳೆ. ಈ ಕಡಿತದ ದೆಸೆಯಿಂದಲೇ ಆ ಕೋಣೆಗಳು ಮುಚ್ಚಿ, ಶೆಡ್ಡು ಮಂದಿಯ ಪಾಲಾಗುವ ಹೊತ್ತು ಬಂದಿತ್ತು. ಅದು ಹೇಗೆ ಉಳಿಯಿತು ಎಂದು ಹೇಳುವುದೇ ನನ್ನ ಉತ್ತರ. ಆದರೆ ಜಮಖಂಡಿಯಿಂದ ಶುರು ಮಾಡಬೇಕು, ಯಾಕೆಂದರೆ ಅಲ್ಲಿ ಕಲಿತದ್ದನ್ನೇ ಹೊತ್ತುಕೊಂಡು ನಾನು ತಂಗಿಗೆ ಬುದ್ಧಿ ಹೇಳಲು ಹೋಗಿದ್ದೆ.

ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಮಗ್ಗದ ಮೇಲೆ ಕುಳಿತರೆ ನೂಲು ಹರಿಯುತ್ತಿತ್ತು, ಅಪ್ಪನ ಬಾಯಿ ಹರಿಯುತ್ತಿತ್ತು. ಕೊನೆಗೆ ಅವರೇ ಬೇಸತ್ತು, ನೀನು ಮಂದಿ ಜೊತೆ ಮಾತಾಡುವ ಕೆಲಸ ಹುಡುಕಿಕೋ ಎಂದರು. ಬಾಗಲಕೋಟೆ ಬೇರೆ ಜಿಲ್ಲೆಯಾದ ವರ್ಷ ಜಮಖಂಡಿಯ ಬಸ್‌ಸ್ಟ್ಯಾಂಡಿನ ಎದುರಿನ ಒಂದು ಲಾಡ್ಜಿಗೆ ಮ್ಯಾನೇಜರನಾಗಿ ಸೇರಿದೆ. ಮ್ಯಾನೇಜರ್ ಎನ್ನುವುದು ಹೆಸರಿಗೆ. ಬಂದವರ ಹೆಸರು ಬರೆಯುವುದು, ಬೆಳಿಗ್ಗೆ ಬಿಸಿನೀರಿನ ಹಂಡೆಗೆ ಉರಿ ಹಾಕಿಸುವುದು, ನಲ್ಲಿ ನಿಂತರೆ ಟ್ಯಾಂಕರಿನವನ ಕೈಕಾಲು ಹಿಡಿಯುವುದು, ಕುಡಿದು ಬಂದವನನ್ನು ಮೆಟ್ಟಿಲು ಹತ್ತಿಸುವುದು, ಬೆಳಿಗ್ಗೆ ಅವನಿಂದ ಬೈಸಿಕೊಳ್ಳುವುದು, ಎಲ್ಲವೂ ನನ್ನದೇ.

ಅವು ಹಿನ್ನೀರಿನ ವರ್ಷಗಳು. ಆಣೆಕಟ್ಟೆಯ ನೀರಿಗೆ ಹೋಗುವ ಊರುಗಳ ಮನೆ, ಹೊಲ ಅಳೆಯುವ ಸಾಹೇಬರೂ, ಪರಿಹಾರಕ್ಕೆ ಓಡಾಡುವ ರೈತರೂ, ಕಾಲುವೆಯ ಗುತ್ತಿಗೆದಾರರೂ ಒಂದೇ ಸಮ ಬಂದು ಲಾಡ್ಜ್ ತುಂಬುತ್ತಿದ್ದರು. ಒಂದು ಸಂಜೆ ಬೀಳಗಿ ಕಡೆಯ ಒಬ್ಬ ಮುದುಕರು ಬಂದರು. ಕೋಣೆ ಒಂದೂ ಇಲ್ಲ. ಇಂಜಿನಿಯರ್ ಒಬ್ಬರ ಕೋಣೆಯಲ್ಲಿ ಎರಡು ಮಂಚ ಇದ್ದವು. ಅವರನ್ನು ಕೇಳಿ, ಮುದುಕರನ್ನು ಅಲ್ಲಿಗೇ ಕಳಿಸಿದೆ. ಆ ಮುದುಕರ ಮನೆಯನ್ನು ಅಳೆದು ಬೆಲೆ ಬರೆದವರು ಇದೇ ಇಂಜಿನಿಯರ್, ಆ ಬೆಲೆಯ ಮೇಲೆ ತಕರಾರು ಹಾಕಲೆಂದೇ ಮುದುಕರು ಹೊರಟಿದ್ದರು ಎಂದು ನನಗೇನು ಗೊತ್ತು? ಸ್ವಲ್ಪ ಹೊತ್ತಿಗೆ ಮೇಲಿನಿಂದ ದನಿ ಏರಿತು. ಓಡಿ ಹತ್ತಿ ಹೋದರೆ ಮುದುಕರು ರೊಟ್ಟಿಯ ಗಂಟು ಬಿಚ್ಚಿ ಮಂಚದ ಮೇಲೆ ಹರಡಿದ್ದರು. ಬೈಯುತ್ತಲೇ ಬಡಿಸುತ್ತಿದ್ದರು. ಇಂಜಿನಿಯರ್ ತಲೆ ತಗ್ಗಿಸಿ ಬೈಸಿಕೊಳ್ಳುತ್ತಲೇ ಉಣ್ಣುತ್ತಿದ್ದರು. ಬೆಳಿಗ್ಗೆ ಇಬ್ಬರೂ ಒಂದೇ ಜೀಪಿನಲ್ಲಿ ಹೋದರು. ಆ ಇಂಜಿನಿಯರ್ ಮತ್ತೊಮ್ಮೆ ಹೋಗಿ ಆ ಮನೆಯನ್ನು ಅಳೆದರೆಂದು ಆಮೇಲೆ ಕೇಳಿದೆ. ಎದುರಿಗೆ ಕುಳಿತು ಉಂಡವನಿಗೆ ಇಲ್ಲ ಎನ್ನುವುದು ಕಷ್ಟ ಎಂಬುದನ್ನು ನಾನು ಆಗ ಕಂಡೆ. ಬನಹಟ್ಟಿಯಲ್ಲಿ ಇನ್ನೊಮ್ಮೆ ಕಂಡೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಲಾಡ್ಜಿನ ಸಾವ್ಕಾರರು ಬಿಳಿ ಟೋಪಿಯ, ಕಡಿಮೆ ಮಾತಿನ ಮನುಷ್ಯ. ಅವರ ಕೈಕೆಳಗೆ ಕೆಲಸ ಮಾಡುವುದು ಸುಲಭವಲ್ಲ. ಚಾದರಿನ ಮೇಲೆ ಕಲೆ ಕಂಡರೆ ಏನೂ ಅನ್ನದೆ ತಾವೇ ಮಡಚಿಕೊಂಡು ಬಚ್ಚಲ ಮೋರಿಗೆ ಹೋಗಿ ತಿಕ್ಕಲು ಕೂಡುತ್ತಿದ್ದರು. ನಾನು ಓಡಿ ಹೋಗಿ ಕಸಿದುಕೊಳ್ಳಬೇಕು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಗ ಆ್ಯಪ್ ಇರಲಿಲ್ಲ, ದಸ್ತಗೀರ ಇದ್ದ. ಬಸ್ಸಿನಿಂದ ಇಳಿದವನ ಚೀಲಕ್ಕೆ ಮೊದಲು ಕೈ ಹಾಕುವ ಆಟೋದವನು. ಲಾಡ್ಜಿಗೆ ಗಿರಾಕಿಯನ್ನು ತಂದು ಬಿಟ್ಟರೆ ಅವನಿಗೂ ಅವನ ಜೊತೆಯವರಿಗೂ ಪಾಲು ಕೊಡಬೇಕು. ಒಂದು ಸಲ ನಾನು ಹುರುಪಿನಲ್ಲಿ, ನಮ್ಮ ಬೋರ್ಡು ಬಸ್‌ಸ್ಟ್ಯಾಂಡಿಗೇ ಕಾಣುತ್ತದೆ, ಇನ್ನು ಮೇಲೆ ಒಂದು ಪೈಸೆಯೂ ಇಲ್ಲ ಎಂದುಬಿಟ್ಟೆ. ಆತ ಸಿಟ್ಟಾಗಲಿಲ್ಲ. ಬೀಡಿ ಹಚ್ಚಿಕೊಂಡು ನಿಧಾನಕ್ಕೆ ಹೇಳಿದ:

“ಮ್ಯಾನೇಜರ್ ಸಾಹೇಬ್ರ, ನಿಮ್ಮ ಬೋರ್ಡ್ ಓದೂಕಿಂತ ಮೊದಲ ಮಂದಿ ನನ್ನ ಮಾರಿ ನೋಡತಾರರಿ.”

ಖರೆಯೇ ಆಯಿತು. ಮರುದಿನದಿಂದ ನಮ್ಮ ಲಾಡ್ಜಿನಲ್ಲಿ ತಿಗಣೆ ಇವೆ ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಗೊತ್ತಾಯಿತು, ನಮ್ಮೊಬ್ಬರನ್ನು ಬಿಟ್ಟು. ಕೋಣೆಗಳು ಖಾಲಿ ಹೊಡೆದವು. ಸಾವ್ಕಾರರಿಗೆ ತಿಳಿದು, ನನ್ನನ್ನು ಕರೆದು ಇಷ್ಟೇ ಅಂದರು: ಅವನು ತಂದವರಿಗೆ ಕೊಡು, ತಾವಾಗಿ ಬಂದವರಿಗೆ ಕೊಡಬೇಡ. ಜೊತೆಗೆ ಲಾಡ್ಜಿನ ಮುಂದೆ ಆಟೋಗಳಿಗೆ ತಗಡಿನ ನೆರಳು ಹಾಕಿಸಿ, ಒಂದು ನೀರಿನ ಹರವಿ ಇಡಿಸಿದರು. ವಾರದೊಳಗೆ ತಿಗಣೆಗಳೆಲ್ಲ ಪಕ್ಕದ ಲಾಡ್ಜಿಗೆ ಹೋದವು.

ಆದರೆ ದಸ್ತಗೀರನೂ ಸುಮ್ಮನಿರುವ ಆಸಾಮಿಯಲ್ಲ. ಯಾರಾದರೂ ತಾವಾಗಿ ನಡೆದು ಬಂದರೂ ಹಿಂದೆಯೇ ಬಂದು, ಇವರನ್ನು ಕರಕೊಂಡು ಬಂದವನು ನಾನೇ ಎಂದು ನಿಲ್ಲುತ್ತಿದ್ದ. ಇದಕ್ಕೊಂದು ಉಪಾಯ ಮಾಡಿದೆ. ಹೆಸರು ಬರೆಯುವ ಮೊದಲು, ‘ನಿಮ್ಮನ್ನ ಯಾರು ಕರಕೊಂಡ ಬಂದ್ರು?’ ಎಂದು ಗಿರಾಕಿಯನ್ನೇ ಕೇಳುವುದು. ಅದು ನನಗೆ ಎಷ್ಟು ರೂಢಿಯಾಯಿತೆಂದರೆ ಒಮ್ಮೆ ಮುಧೋಳದಿಂದ ಬೇಟೆನಾಯಿಯ ಮರಿ ಕೊಂಡು ತಂದ ಮಹಾರಾಷ್ಟ್ರದ ಒಬ್ಬರನ್ನೂ ಇದನ್ನೇ ಕೇಳಿದೆ. ಆ ಮನುಷ್ಯ ಕೈಯಲ್ಲಿದ್ದ ಮರಿಯನ್ನು ತೋರಿಸಿ, ಇದೇ ಎಂದರು. ಆ ಮರಿ ರಾತ್ರಿಯೆಲ್ಲ ಕೂಗಿ, ನನ್ನ ಎರಡು ಚಾದರು ಹರಿದು, ಬೆಳಿಗ್ಗೆ ನನ್ನ ಮಡಿಲಲ್ಲೇ ಮಲಗಿತು. ಚಾದರಿನ ಬೆಲೆ ಕೇಳಲು ನನಗೆ ಮನಸ್ಸಾಗಲಿಲ್ಲ.

ವರ್ಷಗಳು ಹೋದವು. ಚೀಟಿ ಬರೆದು ಕಳಿಸುವ ಕಾಲ ಹೋಗಿ ಫೋನಿನಲ್ಲಿ ಕೋಣೆ ಹಿಡಿಯುವ ಕಾಲ ಬಂತು. ಸಾವ್ಕಾರರು ತೀರಿಕೊಂಡ ಮೇಲೆ ಅವರ ಮನೆಯವರು ಲಾಡ್ಜನ್ನು ಕೆಡವಿ ಅಂಗಡಿ ಸಾಲು ಕಟ್ಟಿಸಿದರು. ನನಗೂ ವಯಸ್ಸಾಗಿತ್ತು. ಕೀಲಿ ತೂಗುಹಾಕುವ ಹಲಗೆಯೊಂದನ್ನು ಕೇಳಿ ತೆಗೆದುಕೊಂಡು ಬನಹಟ್ಟಿಗೆ ಬಂದುಬಿಟ್ಟೆ.

ಬಂದು ನೋಡಿದರೆ ತಂಗಿಯ ಮನೆಯಲ್ಲಿ ಹೊಸ ವಿಚಾರ ನಡೆದಿತ್ತು. ಅವಳ ಗಂಡ ಸಂಗಪ್ಪ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುತ್ತಿದ್ದ. ಮೊಣಕಾಲು ನೋವು ಕಾಡತೊಡಗಿ, ನಿಂತು ಪಾಳಿ ಮಾಡಲು ಆಗದೆ, ಲೂಮುಗಳನ್ನು ಮಾರಿದ್ದ. ಪಡಸಾಲೆಯಲ್ಲಿ ಅವನ ಅಪ್ಪನ ಕಾಲದ ಕೈಮಗ್ಗ ಒಂದು ಉಳಿದಿತ್ತು, ಆದಾಗಲೆಲ್ಲ ಅದರ ಮೇಲೆ ಕುಳಿತು ನೇಯುತ್ತಿದ್ದ. ಪಕ್ಕದವರಿಗೆ ಖಾಲಿ ಶೆಡ್ಡಿನ ಮೇಲೆ ಕಣ್ಣು. ನೂಲಿನ ಗೋದಾಮು ಮಾಡುತ್ತೇವೆ, ಕೊಟ್ಟುಬಿಡಿ ಎಂದು ದಿನವೂ ಕೇಳುತ್ತಿದ್ದರು. ಶಾಂತವ್ವನಿಗೆ ಮಾರುವ ಮನಸ್ಸಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ನೂಲಿನ ಕಂಡಿಕೆ ಸುತ್ತಿದ್ದು, ಮಕ್ಕಳನ್ನು ತೊಟ್ಟಿಲಲ್ಲಿ ತೂಗಿದ್ದು ಎಲ್ಲ ಆ ಶೆಡ್ಡಿನಲ್ಲೇ. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ತೇರದಾಳದಲ್ಲಿ ಸಂಸಾರ ಮಾಡಿಕೊಂಡಿದ್ದರು. ಹಬ್ಬಕ್ಕೆ ಬಂದರೆ ಅವರೂ ಆ ಶೆಡ್ಡಿನಲ್ಲೇ ಹರಟೆ ಹೊಡೆಯುವುದು. ಅದಕ್ಕೆ ಗೋಡೆ ಎಬ್ಬಿಸಿ ಮೂರು ಕೋಣೆ ಮಾಡಿಸಿದಳು. ಸೀರೆ ಕೊಳ್ಳಲು ಬರುವ ವ್ಯಾಪಾರಿಗಳು ಹೇಗೂ ಮೊದಲಿನಿಂದ ಅವರ ಪಡಸಾಲೆಯಲ್ಲೇ ಮಲಗುತ್ತಿದ್ದರು. ಇನ್ನು ಕೋಣೆಯಲ್ಲಿ ಮಲಗಲಿ, ಬಾಡಿಗೆ ಕೊಡಲಿ, ಶೆಡ್ಡೂ ಉಳಿಯಲಿ, ಮನೆಯೂ ನಡೆಯಲಿ ಎಂಬುದು ಅವಳ ಲೆಕ್ಕ.

ಬೆಳಗಿನ ರೊಟ್ಟಿಗೆ ಮಾತ್ರ ಅವಳು ರೊಕ್ಕ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಗೋಡೆಗೆ ಬಾಡಿಗೆ ಉಂಟು, ತಾಟಿಗೆ ಬಾಡಿಗೆ ಎಲ್ಲಿಯದು ಎನ್ನುವಳು.

ವ್ಯಾಪಾರಿಗಳು ಬರುವುದು ವಾರದಲ್ಲಿ ಎರಡು ದಿನ. ಉಳಿದ ದಿನ ಕೋಣೆ ಖಾಲಿ. ಆಗ ಬಂದವರು ಆ್ಯಪ್‌ನವರು. ಕಂಪನಿಯ ಹೆಸರು ಬೇಡ. ಇಬ್ಬರು ಹುಡುಗರು ಬಂದು ಕೋಣೆಗಳ ಫೋಟೋ ತೆಗೆದರು, ಶಾಂತವ್ವನ ಫೋನಿನಲ್ಲಿ ಏನೇನೋ ಒತ್ತಿಸಿದರು. ಹೊಸ ಮಂದಿ ಬರತೊಡಗಿದರು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದ ಫಿಟ್ಟರುಗಳು, ಹಿಪ್ಪರಗಿ ಬ್ಯಾರೇಜ್ ಕಡೆ ಕೆಲಸಕ್ಕೆ ಬಂದವರು, ಪರೀಕ್ಷೆ ಬರೆಯಲು ಬಂದ ಹೆಣ್ಣುಮಕ್ಕಳು. ನಾನು ಜಮಖಂಡಿಯಿಂದ ತಂದ ಹಲಗೆಯಲ್ಲಿ ಮೂರು ಕೀಲಿಗಳು ಖಾಲಿಯಾಗಿ, ಮೊಳೆ ಮಾತ್ರ ಉಳಿದ ದಿನ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಬ್ಯಾಂಕಿಗೆ ಬಂದದ್ದನ್ನು ನೋಡಿದಾಗ ಸಂತೋಷ ಇಳಿಯಿತು. ಬಾಡಿಗೆಯಲ್ಲಿ ಅವರ ಪಾಲು ಒಂದು ಕಡಿತ. ಅದನ್ನು ಮೊದಲೇ ಹೇಳಿದ್ದರು. ಅದರ ಮೇಲೆ ಗಿರಾಕಿ ಬರಲಿ ಎಂದು ಅವರು ಹಾಕಿದ ರಿಯಾಯಿತಿಯ ‘ಆಫರ್’, ಅದೂ ನಮ್ಮ ಕಡೆಯಿಂದಲೇ. ಅದಕ್ಕೂ ನಾವೇ ಒಪ್ಪಿಗೆ ಒತ್ತಿದ್ದೆವಂತೆ. ಚಾದರು ಒಗೆಯುವ ಪುಡಿ, ಬಿಸಿನೀರಿನ ಕರೆಂಟು, ಬೆಳಗಿನ ರೊಟ್ಟಿ ಕಳೆದರೆ ಕೈಯಲ್ಲಿ ಉಳಿಯುವುದು ದಣಿವು ಮಾತ್ರ. ಕೋಣೆ ತುಂಬಿದಷ್ಟೂ ಕೆಲಸ ಹೆಚ್ಚು, ಗಳಿಕೆ ಅಲ್ಲೇ. ಇದು ಈ ದಂಧೆಗೆ ಇಳಿಯುವವರೆಲ್ಲ ಮೊದಲು ತಿಳಿಯಬೇಕಾದದ್ದು. ಕೋಣೆ ತುಂಬಿದೆಯೋ ಇಲ್ಲವೋ ಎಂದು ನೋಡಬೇಡಿ, ತುಂಬಿದ ಮೇಲೆ ಏನು ಉಳಿಯಿತು ನೋಡಿ.

ಇಷ್ಟರಲ್ಲಿ ಇನ್ನೊಂದು ಏಟು ಬಿತ್ತು. ಸೊಲ್ಲಾಪುರದ ಪಂಢರಿನಾಥ ಕಾಕಾ ಎಂಬ ಸೀರೆ ವ್ಯಾಪಾರಿ, ಸಂಗಪ್ಪನ ಅಪ್ಪನ ಕಾಲದಿಂದ ಬರುವವರು, ಮನೆಯವರಂತೆಯೇ ಇದ್ದವರು. ಅವರು ಕೈಯಾರೆ ಕೊಡುತ್ತಿದ್ದ ಬಾಡಿಗೆಗಿಂತ ಕಡಿಮೆಗೆ ಅದೇ ಕೋಣೆ ಅವರ ಮಗನ ಫೋನಿನಲ್ಲಿ ಕಂಡಿತು. ಆಫರಿನ ದೆಸೆ. ಕಾಕಾ ಜಗಳ ಮಾಡಲಿಲ್ಲ. ಗುರುತಿಲ್ಲದವರಿಗೆ ಅಗ್ಗ, ನನಗೆ ತುಟ್ಟಿಯೇನವ್ವಾ ಎಂದು ಒಂದು ಮಾತು ಕೇಳಿ, ಮುಂದಿನ ವಾರದಿಂದ ಆ್ಯಪ್‌ನಲ್ಲೇ ಕೋಣೆ ಹಿಡಿದು ಬರತೊಡಗಿದರು. ಅವರನ್ನು ನೋಡಿ ಉಳಿದ ವ್ಯಾಪಾರಿಗಳೂ ಹಾಗೇ ಮಾಡಿದರು. ಮೊದಲು ಪೂರ್ತಿ ನಮಗೆ ಬರುತ್ತಿದ್ದ ಎರಡು ದಿನದ ಬಾಡಿಗೆಗೂ ಕತ್ತರಿ ಬಿತ್ತು. ಕಾಕಾನ ಮಾತಿಗೆ ಶಾಂತವ್ವ ಅಡುಗೆಮನೆಯಲ್ಲಿ ಕುಳಿತು ಅತ್ತಳು. ರೊಕ್ಕಕ್ಕಲ್ಲ.

ಆಗ ನಾನು ನನ್ನ ಶಾಣ್ಯಾತನ ತೋರಿಸಿದೆ. ಕಡಿತದಷ್ಟು ಬಾಡಿಗೆಯನ್ನು ಆ್ಯಪ್‌ನಲ್ಲಿ ಏರಿಸಿಬಿಡು, ಅವರ ಪಾಲು ಅವರಿಗೆ, ನಮ್ಮದು ನಮಗೆ ಎಂದೆ. ಏರಿಸಿದಳು. ಗಿರಾಕಿ ಬಂದ್. ದಸ್ತಗೀರನಾದರೂ ತಿಗಣೆ ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಇಲ್ಲಿ ನಮ್ಮ ಮನೆಯ ಹೆಸರು ಸದ್ದಿಲ್ಲದೆ ಪಟ್ಟಿಯ ತಳಕ್ಕೆ ಹೋಗಿ ಕುಳಿತಿತ್ತು. ಪಕ್ಕದವರು ಮತ್ತೆ ಶೆಡ್ಡಿನ ಮಾತೆತ್ತಿದರು. ಈ ಸಲ ಸಂಗಪ್ಪ ಇಲ್ಲ ಎನ್ನಲಿಲ್ಲ, ದೀಪಾವಳಿವರೆಗೆ ನೋಡೋಣ ಎಂದ. ಶಾಂತವ್ವನ ಮುಖ ಸಣ್ಣದಾಯಿತು. ನಾನು ಬಾಡಿಗೆಯನ್ನು ಮತ್ತೆ ಇಳಿಸಿಸಿದೆ. ಹೊಸಬರು ಮತ್ತೆ ಬರತೊಡಗಿದರು, ಆದರೆ ಉಳಿಯುವುದು ಮೊದಲಿನಷ್ಟೇ.

ಒಂದು ದಿನ ಸಮೀರವಾಡಿಯ ಒಬ್ಬ ಫಿಟ್ಟರ್ ನೇರವಾಗಿ ಫೋನು ಮಾಡಿ ಬಂದ. ಮೊದಲ ಸಲ ಆ್ಯಪ್‌ನಿಂದ ಬಂದವನು, ರೊಟ್ಟಿಯ ರುಚಿ ಹತ್ತಿತ್ತು. ಎರಡು ದಿನ ಇದ್ದು ಬಾಡಿಗೆಯನ್ನು ಕೈಗೇ ಕೊಟ್ಟು ಹೋದ. ನನಗೆ ಹಬ್ಬ. ಹೀಗೆ ಒಬ್ಬೊಬ್ಬರನ್ನೇ ನಮ್ಮವರನ್ನಾಗಿ ಮಾಡಿಕೊಂಡರೆ ಆ್ಯಪ್‌ನ ಹಂಗೇ ಬೇಡ ಎಂದು ಹೇಳುತ್ತಿದ್ದೆ. ನೋಡಿದರೆ ಶಾಂತವ್ವ ಆ ಬಾಡಿಗೆಯಲ್ಲಿ ಒಂದು ಪಾಲು ತೆಗೆದು ಬಿಸ್ಕಿಟ್ ಡಬ್ಬಿಗೆ ಹಾಕುತ್ತಿದ್ದಾಳೆ. ಇದೇನವ್ವಾ ಎಂದರೆ, ಆ್ಯಪ್‌ನವರದು ಎಂದಳು.

ಇಲ್ಲಿ ನಮ್ಮ ಓಣಿಯ ಒಂದು ಪದ್ಧತಿ ಹೇಳಬೇಕು. ಹೊಸ ವ್ಯಾಪಾರಿಯನ್ನು ನೇಕಾರನ ಬಾಗಿಲಿಗೆ ತಂದ ದಲಾಲನಿಗೆ, ಆ ವ್ಯಾಪಾರಿ ಮುಂದೆ ಎಷ್ಟು ಸಲ ಬಂದು ಸೀರೆ ಕೊಂಡರೂ ಪಾಲು ಉಂಟು. ದಲಾಲ ಜೊತೆಗೆ ಬರಲಿ, ಮನೆಯಲ್ಲಿ ಮಲಗಿರಲಿ. ಅವನಿಗೆ ಗೊತ್ತಾಗದ ವ್ಯಾಪಾರದ ಪಾಲನ್ನೂ ತೆಗೆದಿಟ್ಟು ಮುಟ್ಟಿಸುತ್ತಾರೆ. ಅದನ್ನು ನುಂಗಿದವನ ಬಾಗಿಲಿಗೆ ಮತ್ತೆ ಯಾರೂ ವ್ಯಾಪಾರಿಯನ್ನು ತರುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಆದರೆ ಫೋನಿನೊಳಗಿನ ಕಂಪನಿಗೂ ಅದು ಸಲ್ಲುತ್ತದೆಂದು ನನ್ನ ತಲೆಗೆ ಬಂದಿರಲಿಲ್ಲ. ಹುಚ್ಚಿ, ನಮ್ಮನ್ನು ಸುಲಿಯುವವರಿಗೆ ನೀನೇ ತೆಗೆದಿಡುತ್ತೀಯಾ ಎಂದು ಕೂಗಾಡಿದೆ.

“ಅಣ್ಣಾ, ಸುಲಿದದ್ದು ಬ್ಯಾರೆ ಮಾತು,” ಎಂದಳು. “ಈ ಮನಶ್ಯಾನ್ನ ಕರಕೊಂಡ ಬಂದವರು ಅವರು. ಇವನ ಪಾಲು ಅವರದ.”

ಅಷ್ಟಕ್ಕೆ ನಿಂತಿದ್ದರೆ ಚಿಂತೆಯಿರಲಿಲ್ಲ. ಅಂಥ ಗಿರಾಕಿಗಳು ಇನ್ನೂ ಕೆಲವರಾಗಿ, ಡಬ್ಬಿ ತೂಕವಾದ ಮೇಲೆ, ನಾನು ಊರಲ್ಲಿಲ್ಲದಾಗ ಕಂಪನಿಯ ನಂಬರಿಗೆ ಫೋನು ಮಾಡಿ, ನಿಮ್ಮ ಪಾಲು ನನ್ನ ಹತ್ತಿರ ಇದೆ, ಯಾರನ್ನಾದರೂ ಕಳಿಸಿ ಒಯ್ಯಿರಿ ಎಂದುಬಿಟ್ಟಿದ್ದಳು. ಅಲ್ಲಿದ್ದ ಹುಡುಗಿಗೆ ಮಾತು ಅರ್ಥವಾಗಲಿಲ್ಲ. ಇವಳೇ ಬಿಡಿಸಿ ಬಿಡಿಸಿ ಹೇಳಿದ್ದಾಳೆ: ನೀವು ಕಳಿಸಿದ್ದ ಗಿರಾಕಿಗಳು ಈಗ ನಿಮ್ಮನ್ನು ಬಿಟ್ಟು ನೇರ ಬರುತ್ತಾರೆ, ಕೈಯಲ್ಲಿ ರೊಕ್ಕ ಕೊಡುತ್ತಾರೆ.

ನಾನು ಊರಿಗೆ ಬಂದ ಮೇಲೆ ಅವಳೇ ಇದನ್ನು ಹೇಳಿದಳು. ಆ್ಯಪ್‌ನಿಂದ ಬಂದವರನ್ನು ನೇರ ಇಟ್ಟುಕೊಂಡರೆ ಮನೆಯ ಹೆಸರನ್ನು ತೆಗೆದುಹಾಕುತ್ತೇವೆ ಎಂಬುದು ಅವರ ನಿಯಮ. ಎಲ್ಲರೂ ಮಾಡುತ್ತಾರೆ, ಎಲ್ಲರೂ ಮುಚ್ಚಿಡುತ್ತಾರೆ. ನನ್ನ ತಂಗಿ ಫೋನು ಹಚ್ಚಿ ಸಾರಿದ್ದಳು. ಹೆಸರು ಹೋದರೆ ವಾರದ ಐದು ದಿನ ಕೋಣೆ ಖಾಲಿ, ದೀಪಾವಳಿಗೆ ಶೆಡ್ಡು ಪಕ್ಕದವರದು.

ವಾರದ ಮೇಲೆ ಕಂಪನಿಯ ಹುಡುಗ ಬಂದ. ವಿನಾಯಕ ಎಂದು ಹೆಸರು, ಹುಬ್ಬಳ್ಳಿಯ ಕಚೇರಿಯವನು, ನಮ್ಮ ಕಡೆಯ ನಾಲ್ಕೂ ತಾಲೂಕು ಅವನ ಪಾಲಿಗೆ. ಬಿಸಿಲಲ್ಲಿ ಮುಧೋಳದಿಂದ ಬೈಕಿನ ಮೇಲೆ ಬಂದಿದ್ದ. ಬಂದವನೇ ಬ್ಯಾಗಿನಿಂದ ಕಾಗದ ತೆಗೆಯಲು ಹೋದ. ಉಣ್ಣುವ ಹೊತ್ತಿನಲ್ಲಿ ಎಂಥ ಕಾಗದ ಎಂದು ಶಾಂತವ್ವ ಕೈಕಾಲಿಗೆ ನೀರು ಕೊಟ್ಟು, ತಾಟಿನ ಮುಂದೆ ಕೂಡಿಸಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅವನು ಸಾಕು ಎಂದಾಗಲೆಲ್ಲ ಇನ್ನೊಂದು ರೊಟ್ಟಿ ಬಿತ್ತು. ನಾನು ಬಾಗಿಲ ಬಳಿ ನಿಂತು ಬೀಳಗಿಯ ಆ ಮುದುಕರನ್ನು ನೆನೆಸಿಕೊಂಡೆ.

ಉಂಡಾದ ಮೇಲೆ ಶಾಂತವ್ವ ಡಬ್ಬಿ ತಂದು ಅವನ ಮುಂದಿಟ್ಟಳು. ಹುಡುಗ ಡಬ್ಬಿ ನೋಡಿದ, ಅವಳನ್ನು ನೋಡಿದ.

“ಅಕ್ಕಾರ, ಇದನ್ನ ನನಗ ತಗೊಳ್ಳಾಕ ಬರೂದಿಲ್ಲರಿ. ಇಂಥ ರೊಕ್ಕಕ್ಕ ಕಂಪನಿ ಒಳಗ ಖಾತೇನ ಇಲ್ಲ.”

“ಮತ್ತ ಇಷ್ಟ ದೂರ ಯಾಕ ಬಂದ್ರಿ?”

ಅವನು ಬ್ಯಾಗಿನ ಕಾಗದ ಹೊರಗೆ ತೆಗೆದು, ತಾಟಿನ ಕಡೆ ನೋಡುತ್ತ ಹೇಳಿದ: “ಖರೆ ಹೇಳಬೇಕಂದ್ರ, ನಿಮ್ಮ ಮನಿ ಹೆಸರು ತಗಿಯಾಕ ಬಂದೇನ್ರಿ.”

ಪಡಸಾಲೆಯಲ್ಲಿ ಸಂಗಪ್ಪನ ಕೈಮಗ್ಗದ ಸದ್ದು ನಿಂತಿತು. ನಾನು ಬಾಯಿ ತೆರೆದೆ. ಶಾಂತವ್ವ ಕೈ ಮಾಡಿ ನನ್ನನ್ನು ಸುಮ್ಮನಿರಿಸಿದಳು.

“ತಗೀರಿ. ತಗಿಯೂಕಿಂತ ಮೊದಲ ಒಂದ ಮಾತಿಗೆ ಉತ್ತರಾ ಕೊಡ್ರಿ. ನೀವು ತಂದವರು ನಿಮ್ಮನ್ನ ಬಿಟ್ಟು ಬಂದ್ರೂ ನಾ ನಿಮ್ಮ ಪಾಲು ತಗದಿಟ್ಟೇನಿ. ಸೊಲ್ಲಾಪುರದ ನಮ್ಮ ಕಾಕಾ ನಾ ಈ ಮನಿಗೆ ಸೊಸಿಯಾಗಿ ಬರೂಕಿಂತ ಮೊದಲಿಂದ ಈ ಪಡಸಾಲ್ಯಾಗ ಮಲಗ್ಯಾರ. ಅವರನ್ನ ನೀವು ಕರಕೊಂಡ ಬಂದಿಲ್ಲ. ಅವರ ಮ್ಯಾಲಿನ ಪಾಲು ನೀವು ಯಾಕ ತಗೋತೀರಿ?”

ದಸ್ತಗೀರನ ಎದುರು ದಿನವೂ ನಾನು ಹಿಡಿದ ಹಟ ಇದೇ. ‘ನಿಮ್ಮನ್ನ ಯಾರು ಕರಕೊಂಡ ಬಂದ್ರು?’ ಎಂದು ಇಡೀ ಜನ್ಮ ಕೇಳಿದವನು ನಾನು. ಆ್ಯಪ್ ಬಂದ ಮೇಲೆ ಆ ಪ್ರಶ್ನೆಯನ್ನೇ ಮರೆತು, ಬಾಡಿಗೆ ಏರಿಸು ಇಳಿಸು ಎಂದು ಕುಣಿದಿದ್ದೆ. ಡಬ್ಬಿಯಲ್ಲಿ ಪಾಲು ತೆಗೆದಿಟ್ಟವಳಿಗೆ ಮಾತ್ರ ಹಾಗೆ ಕೇಳುವ ಬಾಯಿ ಇತ್ತು.

ವಿನಾಯಕ ಎದ್ದು ಹೊರಗಿನ ಬೇವಿನ ಗಿಡದ ಕೆಳಗೆ ನಿಂತು ಮೇಲಿನವರಿಗೆ ಫೋನು ಹಚ್ಚಿದ. ನಮಗೆ ಅರ್ಧ ಕೇಳುತ್ತಿತ್ತು. ಸರ್, ಬೇರೆಯವರು ಮುಚ್ಚಿಡುತ್ತಾರೆ, ಇವರು ತಾವಾಗಿ ಕರೆದು ಹೇಳಿದ್ದಾರೆ, ಇವರ ಹೆಸರು ತೆಗೆದರೆ ನಾಳೆ ಯಾರು ಖರೆ ಹೇಳುತ್ತಾರೆ ಎಂದು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದ. ಒಮ್ಮೆ ದನಿ ಏರಿತು, ಒಮ್ಮೆ ಇಳಿಯಿತು. ಸಂಗಪ್ಪ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದ. ಒಳಗೆ ಬಂದು ಹುಡುಗ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿದ. ಹೆಸರು ಇರುತ್ತದೆ, ಇನ್ನು ಮುಂದೆ ಆ್ಯಪ್‌ನಿಂದ ಬಂದವರು ಮತ್ತೆ ಬಂದರೆ ಅದರಲ್ಲೇ ಬರಲಿ, ಅಷ್ಟೇ ಎಂದ.

ಕಡಿತ ಕಡಿಮೆ ಮಾಡುವ ಅಧಿಕಾರ ಅವನಿಗಿರಲಿಲ್ಲ. ಆದರೆ ಫೋನು ತೆಗೆದು ತಾಸುಗಟ್ಟಲೆ ಕುಳಿತು, ನಮಗೆ ಯಾರೂ ಹೇಳದ ಸಂಗತಿಗಳನ್ನು ತೋರಿಸಿದ. ಆಫರ್ ಎಂಬುದನ್ನು ನಾವೇ ನಿಲ್ಲಿಸಬಹುದಿತ್ತು. ವ್ಯಾಪಾರಿಗಳು ಬರುವ ಎರಡು ದಿನ ಆ್ಯಪ್‌ನಲ್ಲಿ ಕೋಣೆ ಇಲ್ಲ ಎಂದು ಮುಚ್ಚಿಡಬಹುದಿತ್ತು. ನಮ್ಮ ಹಳೆಯ ಮಂದಿಯನ್ನು ನಾವು ಫೋನಿನಲ್ಲಿ ಕರೆದುಕೊಳ್ಳಲು ಯಾವ ನಿಯಮವೂ ಅಡ್ಡ ಇರಲಿಲ್ಲ. ಉಳಿದ ದಿನಗಳಿಗೆ ಬಾಡಿಗೆ ಎಷ್ಟಿರಬೇಕೆಂದು ಸಾಬೂನಿನಿಂದ ಹಿಡಿದು ಶಾಂತವ್ವನಿಂದಲೇ ಲೆಕ್ಕ ಹಾಕಿಸಿದ. ಬೆಳಗಿನ ರೊಟ್ಟಿಯ ಮಾತನ್ನೂ ಪಟ್ಟಿಯಲ್ಲಿ ಬರೆಯೋಣ, ಜನ ಅದಕ್ಕೇ ಬರುತ್ತಾರೆ ಎಂದ. ಬರೆಯಿರಿ, ಆದರೆ ಅದಕ್ಕೆ ಬೆಲೆ ಹಚ್ಚಬೇಡಿ ಎಂದಳು.

ಅವನು ಹೊರಡುವಾಗ ಶಾಂತವ್ವ ಒಳಗೆ ಹೋಗಿ, ಸಂಗಪ್ಪ ಕೈಮಗ್ಗದ ಮೇಲೆ ನೇಯ್ದ ಒಂದು ಸೀರೆ ತಂದಳು. ಡಬ್ಬಿಯನ್ನು ಗಂಡನ ಮಡಿಲಲ್ಲಿ ಬೋರಲು ಹಾಕಿ, ಸೀರೆಯ ರೊಕ್ಕ ಮುಟ್ಟಿತಲ್ಲ ಎಂದು ಕೇಳಿದಳು. ಸಂಗಪ್ಪ ನಗುತ್ತ ತಲೆಯಾಡಿಸಿದ. ಆಮೇಲೆ ಸೀರೆಯನ್ನು ಹುಡುಗನ ಮುಂದೆ ಹಿಡಿದಳು.

“ನಿಮ್ಮ ಅವ್ವಗ. ಇದಕ್ಕ ಖಾತೆ ಬೇಕಾಗಿಲ್ಲಲಾ?”

ಹುಡುಗ ಎರಡೂ ಕೈಯೊಡ್ಡಿ ತೆಗೆದುಕೊಂಡ. ಅವನ ಕಣ್ಣು ತುಂಬಿದ್ದು ನಾನು ನೋಡಿದೆ. ನನ್ನದೂ ತುಂಬಿತ್ತು, ಅದನ್ನು ಯಾರೂ ನೋಡಲಿಲ್ಲ.

ಪಂಢರಿನಾಥ ಕಾಕಾನಿಗೆ ಶಾಂತವ್ವ ತಾನೇ ಫೋನು ಮಾಡಿ ನಡೆದದ್ದೆಲ್ಲ ಹೇಳಿದಳು. ತಮ್ಮ ಬಾಡಿಗೆಯಲ್ಲಿ ಮೂರನೆಯವರಿಗೆ ಪಾಲು ಹೋಗುತ್ತಿತ್ತು ಎಂದು ಅವರಿಗೆ ಗೊತ್ತೇ ಇರಲಿಲ್ಲ. ವ್ಯಾಪಾರದ ಮನುಷ್ಯ, ಒಂದೇ ಮಾತಿಗೆ ತಿಳಿದುಕೊಂಡರು. ಮುಂದಿನ ವಾರ ಬಂದವರು ಬಾಗಿಲಲ್ಲೇ, ನನ್ನ ಕೋಣೆ ಇದೆಯೋ, ಫೋನಿನೊಳಗೆ ಹೋಯಿತೋ ಎಂದು ನಗಾಡಿದರು. ಅವರ ಹಿಂದೆ ಉಳಿದವರೂ ಬಂದರು. ಗುರುತಿನವರು ಫೋನಿಗೆ, ಹೊಸಬರು ಆ್ಯಪ್‌ಗೆ ಎಂದು ವಾರ ಹಂಚಿಹೋಯಿತು. ಕಡಿತ ಈಗಲೂ ಇದೆ. ಹೆಚ್ಚೆಂದು ನಾನು ಈಗಲೂ ಗೊಣಗುತ್ತೇನೆ. ಆದರೆ ತರದವರನ್ನೂ ತಂದೆವು ಎಂದು ಕಡಿಯುವುದು ನಿಂತ ಮೇಲೆ, ತಂದವರಿಗೆ ಕೊಡುವುದು ಭಾರವಾಗಲಿಲ್ಲ. ದೀಪಾವಳಿ ಬಂತು, ಹೋಯಿತು. ಹೆಣ್ಣುಮಕ್ಕಳಿಬ್ಬರೂ ತೇರದಾಳದಿಂದ ಬಂದು ಒಂದು ಕೋಣೆ ಹಿಡಿದುಕೊಂಡು, ಉಳಿದೆರಡನ್ನು ಗಿರಾಕಿಗಳಿಗೆ ಬಿಟ್ಟರು. ಪಕ್ಕದವರು ಈಗ ತಮ್ಮ ಮನೆಗೆ ಬಂದ ಬೀಗರನ್ನು ಮಲಗಿಸಲು ನಮ್ಮ ಕೋಣೆ ಕೇಳುತ್ತಾರೆ.

ಹೀಗಾಗಿ ಹುಡುಗರಾ, ಸೇರಬೇಕೋ ಬೇಡವೋ ಎಂದು ನನ್ನನ್ನು ಕೇಳಬೇಡಿ. ಬಂದ ಪ್ರತಿಯೊಬ್ಬರನ್ನು, ನಿಮ್ಮನ್ನು ಯಾರು ಕರೆತಂದರು ಎಂದು ಕೇಳಿ. ಉಳಿದದ್ದು ತಾನಾಗಿ ತಿಳಿಯುತ್ತದೆ. ಚಾದರಿನ ಮಾತು ಮರೆಯಬೇಡಿ.

ಕಳೆದ ಮದುವೆಯ ಹಂಗಾಮಿನಲ್ಲಿ ನಾಲ್ವರು ಹೆಣ್ಣುಮಕ್ಕಳು ಹುಬ್ಬಳ್ಳಿಯಿಂದ ಜವಳಿ ಕೊಳ್ಳಲು ಬಂದರು. ಆ್ಯಪ್ ಇಲ್ಲ, ಫೋನೂ ಇಲ್ಲ, ಮನೆ ಕೇಳಿಕೊಂಡು ನೇರ ಬಾಗಿಲಿಗೆ. ಅವರಲ್ಲಿ ಹಿರಿಯರು ಉಟ್ಟಿದ್ದ ಸೀರೆಯನ್ನು ಸಂಗಪ್ಪ ದೂರದಿಂದಲೇ ಗುರುತು ಹಿಡಿದ. ತನ್ನ ಕೈಯ ನೇಯ್ಗೆ. ವಿನಾಯಕನ ತಾಯಿ, ಜೊತೆಗೆ ತಂಗಿಯರನ್ನು ಕರಕೊಂಡು ಬಂದಿದ್ದರು. ಎರಡು ದಿನ ಇದ್ದರು, ರೊಟ್ಟಿ ಉಂಡರು, ಓಣಿಯೆಲ್ಲ ತಿರುಗಿ ಸೀರೆ ಕೊಂಡರು. ಬಾಡಿಗೆ ಬೇಡವೆಂದರೆ ಕೇಳಲಿಲ್ಲ, ಶಾಂತವ್ವನ ಸೆರಗಿಗೆ ಕಟ್ಟಿ ಹೋದರು.

ಅವರ ಬಸ್ಸು ಹೋದ ಮೇಲೆ ಒಳಗೆ ಬಂದು ನೋಡುತ್ತೇನೆ, ಬಿಸ್ಕಿಟ್ ಡಬ್ಬಿ ಮತ್ತೆ ಗೋಡೆಯ ಮಾಡದಿಂದ ಕೆಳಗೆ ಇಳಿದಿದೆ. ನನಗೆ ನಗು ಬಂತು. ವಿನಾಯಕ ಆ ಕಂಪನಿಯ ಕೆಲಸ ಬಿಟ್ಟು ಬೇರೆ ಕಡೆ ಸೇರಿ ಎಷ್ಟೋ ದಿನವಾಯಿತು, ಇನ್ನು ಯಾರಿಗೆ ಕೊಡುತ್ತೀಯವ್ವಾ ಎಂದೆ.

“ಕೆಲಸಾ ಬಿಟ್ಟಿರಬೇಕು, ಅಣ್ಣಾ,” ಎಂದಳು. “ಇವರನ್ನ ಕರಕೊಂಡ ಬಂದಾಂವ ಅಂವನ.”

ನಾನು ಡಬ್ಬಿಯ ಮುಚ್ಚಳ ತೆಗೆದು ಹಿಡಿದೆ.